ಕೊಬ್ಬಿನ ಗಂಟು ಅನ್ನುವ ಮೊದಲು

ದಾವಣಗೆರೆಯ ಸ್ಕ್ಯಾನಿಂಗ್ ಸೆಂಟರ್ ಒಂದರಲ್ಲಿ ನಾನು ರೇಡಿಯಾಲಜಿಸ್ಟ್. ಜಗಳೂರು, ಚನ್ನಗಿರಿ, ಹರಿಹರದ ಕಡೆಯಿಂದ ಗಂಟು ತೋರಿಸಲು ಬರುವವರು ಜಾಸ್ತಿ. ‘ನೋವೇನಿಲ್ಲ ಸಾರ್, ಸುಮ್ನೆ ಗಂಟು ಐತಿ’ ಅನ್ನುತ್ತಾರೆ. ನೋವಿಲ್ಲ ಅಂದ ಮಾತ್ರಕ್ಕೆ ನಾನು ನಿರಾಳ ಆಗುವುದಿಲ್ಲ. ಕೊಬ್ಬು, ಮಾಂಸಖಂಡದಂಥ ಮೆತ್ತನೆಯ ಭಾಗದಲ್ಲಿ ಹುಟ್ಟುವ ಕ್ಯಾನ್ಸರ್, ಅಂದರೆ ಸಾರ್ಕೋಮಾ, ಎಷ್ಟೋ ಸಲ ನೋವು ಕೊಡದೆಯೇ ಬೆಳೆಯುತ್ತದೆ. ಗಂಟು 5 ಸೆಂಟಿಮೀಟರ್ ದಾಟಿದ್ದರೆ, ಆಳದಲ್ಲಿದ್ದರೆ, ದೊಡ್ಡದಾಗುತ್ತಾ ಇದ್ದರೆ, ಸ್ಕ್ಯಾನ್ ಇಲ್ಲದೆ ಕೊಯ್ಯಬಾರದು.

ಕೈಕಾಲಿನ ಗಂಟಿಗೆ ಎಂಆರ್‌ಐ ಮೇಲು. ಸಿಟಿ ಚೆನ್ನಾಗಿ ಕೆಲಸಕ್ಕೆ ಬರುವುದು ಹೊಟ್ಟೆಯ ಹಿಂಭಾಗದ ಗಡ್ಡೆಗೆ. ಅಲ್ಲಿ ಜಾಗ ಧಾರಾಳ, ಹಾಗಾಗಿ ಗಡ್ಡೆ ತುಂಬಾ ಬೆಳೆದ ಮೇಲೆಯೇ ಗೊತ್ತಾಗುತ್ತದೆ. ಹೊಟ್ಟೆ ಬಂತು ಅಂದುಕೊಂಡು ಸುಮ್ಮನಿರುತ್ತಾರೆ.

ಕಿಡ್ನಿ ಸರಿ ಇದೆಯಾ ಅಂತ ತಿಳಿಯಲು ರಕ್ತದ ಕ್ರಿಯಾಟಿನಿನ್ ನೋಡಿ, ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುವ ಕಾಂಟ್ರಾಸ್ಟ್ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು, ಸುಮಾರು 70 ಸೆಕೆಂಡಿನ ನಂತರ ಸ್ಕ್ಯಾನ್ ಮಾಡುತ್ತೇವೆ. ಆಮೇಲೆ ಗಡ್ಡೆಯ ಮೇಲೆ ಅಲ್ಲಲ್ಲಿ ಕರ್ಸರ್ ಇಟ್ಟು ಹೌನ್ಸ್‌ಫೀಲ್ಡ್ ಅಂಕಿ, ಅಂದರೆ ಸಿಟಿಯಲ್ಲಿ ಆ ಭಾಗ ಎಷ್ಟು ಸಾಂದ್ರ ಅನ್ನುವ ಅಳತೆ, ನೋಡುತ್ತೇನೆ. ನೀರಿಗೆ 0, ಕೊಬ್ಬಿಗೆ ಮೈನಸ್ 100ರ ಆಸುಪಾಸು. ತೋಳಿನ ಚರ್ಮದಡಿಯ ಸಣ್ಣ ಗಂಟು ಪೂರ್ತಿ ಕೊಬ್ಬಾಗಿದ್ದರೆ ಬಹುಮಟ್ಟಿಗೆ ಲಿಪೋಮಾನೇ, ಅಂದರೆ ಕ್ಯಾನ್ಸರ್ ಅಲ್ಲದ ಕೊಬ್ಬಿನ ಗಂಟು. ಆದರೆ ಹೊಟ್ಟೆಯ ಹಿಂಭಾಗದಲ್ಲಿ ಲಿಪೋಮಾ ಬಲು ಅಪರೂಪ. ಅಲ್ಲಿ ಬರೀ ಕೊಬ್ಬು ಕಂಡರೂ ಲಿಪೋಸಾರ್ಕೋಮಾ, ಅಂದರೆ ಕೊಬ್ಬಿನ ಕ್ಯಾನ್ಸರ್, ಇರಬಹುದು ಅಂತಲೇ ಹುಡುಕುತ್ತೇನೆ. ಕೊಬ್ಬಿನ ನಡುವೆ ದಪ್ಪ ಪರದೆಗಳಿವೆಯಾ? ಕಾಂಟ್ರಾಸ್ಟ್ ಹೀರಿ ಬೆಳ್ಳಗಾದ ಗಟ್ಟಿ ತುಣುಕು ಇದೆಯಾ? ಅಂಥ ತುಣುಕು ಸಿಕ್ಕರೆ ಸ್ಲೈಸ್ ನಂಬರ್ ಸಮೇತ ರಿಪೋರ್ಟಿನಲ್ಲಿ ಬರೆಯುತ್ತೇನೆ. ಪರೀಕ್ಷೆಗೆ ಚೂರು ತೆಗೆಯುವ ಬಯಾಪ್ಸಿ ಸೂಜಿ ಅಲ್ಲಿಗೇ ಹೋಗಬೇಕು. ಪಕ್ಕದ ಕೊಬ್ಬಿಗೆ ಚುಚ್ಚಿದರೆ ಕಾಯಿಲೆಯ ನಿಜವಾದ ಜೋರು ತಿಳಿಯುವುದೇ ಇಲ್ಲ. ಗಡ್ಡೆ ಕಿಡ್ನಿಯನ್ನು ಬರೀ ತಳ್ಳಿದೆಯಾ, ಸುತ್ತಿಕೊಂಡಿದೆಯಾ ಅನ್ನುವುದನ್ನೂ ಬರೆಯುತ್ತೇನೆ. ಸರ್ಜನ್‌ಗಳು ಫೋನ್ ಮಾಡಿ ಕೇಳುವುದು ಅದನ್ನೇ.

ಸಾರ್ಕೋಮಾ ಎಂದು ಖಚಿತವಾದರೆ ಎದೆಯ ಸಿಟಿಯೂ ಬೇಕು. ‘ಗಂಟು ತೊಡೇಲಿ ಐತಿ, ಎದೆ ಯಾಕ್ ಸಾರ್?’ ಅಂತ ಮನೆಯವರು ಕೇಳುತ್ತಾರೆ. ದುಡ್ಡಿನ ಪ್ರಶ್ನೆ ಅಲ್ವಾ, ಕೇಳುವುದು ನ್ಯಾಯವೇ. ಈ ಕ್ಯಾನ್ಸರ್ ರಕ್ತದ ಮೂಲಕ ಹರಡುವಾಗ ಸಾಮಾನ್ಯವಾಗಿ ಮೊದಲು ಸೇರುವುದು ಶ್ವಾಸಕೋಶವನ್ನು. ತೊಂದರೆ ಏನೆಂದರೆ, ನಮ್ಮಲ್ಲಿ ಹಳೇ ಟಿಬಿ ಕಲೆಗಳೂ ಸಾಕಷ್ಟು ಕಾಣುತ್ತವೆ. ಸುಣ್ಣಗಟ್ಟಿದ ಚುಕ್ಕೆ ಸಾಮಾನ್ಯವಾಗಿ ಹಳೆಯದು. ಅನುಮಾನದ ಸಣ್ಣ ಚುಕ್ಕೆಗೆ ಕೆಲವು ತಿಂಗಳ ನಂತರ ಮತ್ತೆ ಸ್ಕ್ಯಾನ್ ಹೇಳುತ್ತೇನೆ. ಬೆಳೆದಿದ್ದರೆ ಮಾತು ಬೇರೆ.

ಕಷ್ಟವಾಗುವುದು ಎಲ್ಲೋ ಗಂಟು ತೆಗೆಸಿಕೊಂಡು ಆಮೇಲೆ ಬರುವವರದ್ದು. ಹೊಸ ಗಾಯವೂ ಕಾಂಟ್ರಾಸ್ಟ್ ಹೀರಿ ಬೆಳ್ಳಗಾಗುತ್ತದೆ, ಉಳಿದ ಗಡ್ಡೆಯೂ ಹಾಗೇ. ಅಂಥವರಿಗೆ ಹಳೇ ಫಿಲ್ಮು, ಲ್ಯಾಬಿನ ಸ್ಲೈಡು, ತೆಗೆದ ಗಂಟಿನ ತುಣುಕನ್ನು ಮೇಣದಲ್ಲಿ ಇಟ್ಟಿರುವ ಬ್ಲಾಕು ಎಲ್ಲ ತನ್ನಿ ಅನ್ನುತ್ತೇನೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದಿದ್ದರೂ ಅವು ಬೇಕೇ ಬೇಕು.