ಹಳೇ ಗ್ರಾಮಫೋನ್ ಪ್ಲೇಟ್ ತೊಳೆಯೋಕೆ ಯಾವ ಮಷೀನ್, ಯಾವ ಲಿಕ್ವಿಡ್

ಯಾವ ಮಷೀನ್ ತಗೊಳ್ಳಲಿ ಅಂತ ಕೇಳೋಕ್ ಮುಂಚೆ ಕೈಲಿರೋ ಪ್ಲೇಟ್ ಯಾತರದ್ದು ಅಂತ ನೋಡ್ಕೊಳ್ಳಿ. 78 ಸ್ಪೀಡಿನ (ನಿಮಿಷಕ್ಕೆ 78 ಸುತ್ತು ತಿರುಗೋ) ಹಳೇವು ಹೆಚ್ಚಾಗಿ ಅರಗಿನವು, ಅಂದ್ರೆ ಶೆಲ್ಯಾಕ್‌ಗೆ ಕಲ್ಲಿನ ಪುಡಿ ಬೆರೆಸಿ ಒತ್ತಿದ್ದು, ಭಾರ ಇರ್ತವೆ, ಕೈಜಾರಿದ್ರೆ ಚೂರು ಚೂರು. 1948ರಲ್ಲಿ ಬಂದ ಎಲ್‌ಪಿ (ಲಾಂಗ್ ಪ್ಲೇ), ಅದರ ಮರುವರ್ಷ ಬಂದ 45 ಸ್ಪೀಡಿನವು, ಇವು ಬಹುತೇಕ ವಿನೈಲ್ ಅನ್ನೋ ಪ್ಲಾಸ್ಟಿಕ್, ಸ್ವಲ್ಪ ಬಾಗ್ತವೆ.

ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ ಅಂಗಡಿಲಿ ಸಿಗೋ ಎಷ್ಟೋ ರೆಕಾರ್ಡ್ ಕ್ಲೀನರ್‌ನಲ್ಲಿ ಆಲ್ಕೋಹಾಲ್ ಇರುತ್ತೆ, ವಿನೈಲ್‌ಗೆ ಸ್ವಲ್ಪ ಇದ್ರೆ ನಡೆಯುತ್ತೆ ಅಂತಾರೆ, ಆದ್ರೆ ಅರಗು ಆಲ್ಕೋಹಾಲ್‌ನಲ್ಲಿ ಕರಗುತ್ತೆ, ಮರಕ್ಕೆ ಹಚ್ಚೋ ಫ್ರೆಂಚ್ ಪಾಲಿಶ್ ಮಾಡೋದೇ ಅರಗನ್ನ ಸ್ಪಿರಿಟ್‌ಗೆ ಹಾಕಿ ಕರಗಿಸಿ. ಸ್ಪಿರಿಟ್ ಹಾಕಿ ಒರೆಸಿದ್ರೆ ಕೊಳೆ ಜೊತೆ ಹಾಡೂ ಹೋಯ್ತು. ಅಮೋನಿಯಾ ಇರೋ ಗಾಜು ಒರೆಸೋ ಲಿಕ್ವಿಡ್ಡೂ ಅರಗಿಗೆ ಆಗಲ್ಲ. ಬಾಟಲಿ ಮೇಲೆ ಏನೇನು ಹಾಕಿದೀವಿ ಅಂತ ಬರೆದಿಲ್ವಾ, 78ಕ್ಕೆ ಬೇಡ, ಅಷ್ಟೇ.

ಕೆಲವಕ್ಕೆ ನೀರೇ ತಾಗಿಸಬಾರದು. ಎಡಿಸನ್ ಕಂಪನಿಯ ದಪ್ಪನೆ ಡೈಮಂಡ್ ಡಿಸ್ಕ್‌ಗಳಲ್ಲಿ ಒಳಗೆ ಮರದ ಪುಡಿಯ ತಿರುಳಿರುತ್ತೆ, ನೀರು ಕುಡಿದು ಉಬ್ಬುತ್ತೆ. ಪ್ಲೇಟ್ ಬದಲು ಕೊಳವೆ ಆಕಾರದಲ್ಲಿ ಹಾಡು ಕೆತ್ತಿರೋ ಮೇಣದ ಸಿಲಿಂಡರ್‌ಗಳಿಗೂ ನೀರು ಬೇಡ. ಅಲ್ಯೂಮಿನಿಯಂ ಮೇಲೆ ಲ್ಯಾಕರ್ ಬಳಿದು ನೇರವಾಗಿ ರೆಕಾರ್ಡ್ ಮಾಡಿದ್ದ ಪ್ಲೇಟ್ ಮೇಲೆ ಬಿಳೀ ಪುಡಿ ಕಂಡ್ರೆ ಉಜ್ಜೋಕೆ ಹೋಗ್ಬೇಡಿ, ಗೊತ್ತಿರೋರ ಕೈಗೆ ಕೊಡಿ.

ಇನ್ನು ಲಿಕ್ವಿಡ್. ಡಿಸ್ಟಿಲ್ಡ್ ವಾಟರ್, ಅದಕ್ಕೆ ಲೀಟರಿಗೆ ಕೆಲವೇ ಹನಿ ಟರ್ಜಿಟಾಲ್ ಅಥವಾ ಫೋಟೋ ಫಿಲ್ಮ್ ತೊಳೆಯೋರು ಬಳಸೋ ಇಲ್ಫೋಟಾಲ್ ಥರದ ವೆಟಿಂಗ್ ಏಜೆಂಟ್, ಅಂದ್ರೆ ನೀರು ಹರಡೋ ಹಾಗೆ ಮಾಡೋ ದ್ರವ. ಬರೀ ನೀರು ಪ್ಲೇಟ್ ಮೇಲೆ ಗುಂಡಗೆ ನಿಂತ್ಬಿಡುತ್ತೆ, ಗೆರೆ ಒಳಗೆ ಇಳಿಯಲ್ಲ, ಎಲ್‌ಪಿ ಗೆರೆಯ ಅಗಲ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದ ಆಸುಪಾಸು ನೋಡಿ, ಅಲ್ಲಿಗೆ ಇಳಿಸೋಕೇ ಈ ಹನಿ ಬೇಕು. ನಲ್ಲಿ ನೀರು ಬೇಡ, ಒಣಗಿದ ಮೇಲೆ ಅದರ ಸುಣ್ಣ ಗೆರೆಯಲ್ಲೇ ಉಳಿಯುತ್ತೆ. ಪಾತ್ರೆ ತೊಳೆಯೋ ಲಿಕ್ವಿಡ್‌ನಲ್ಲಿ ಬಣ್ಣ, ಪರಿಮಳ ಎಲ್ಲ ಇರುತ್ತೆ, ಅದನ್ನ ತೊಳೆಯೋಕೆ ಇನ್ನೊಂದು ಸಲ ತೊಳೀಬೇಕು. ಯಾವುದೇ ಹಾಕಿದ್ರೂ ಕೊನೆಗೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಿಸಲೇಬೇಕು, ಬಹಳ ಜನ ಬಿಡೋದೇ ಇದನ್ನ.

ಮಷೀನ್ ವಿಷಯಕ್ಕೆ ಬಂದ್ರೆ ನನ್ನ ಓಟು ವ್ಯಾಕ್ಯೂಮ್ ಮಷೀನ್‌ಗೆ. ಸ್ಪಿನ್ ಕ್ಲೀನ್ ಥರ ತೊಟ್ಟಿಯಲ್ಲಿ ಕೈಯಲ್ಲೇ ತಿರುಗಿಸೋದು ಅಗ್ಗ, ತಪ್ಪೇನಿಲ್ಲ, ಆದ್ರೆ ನಾಕು ಪ್ಲೇಟ್ ಆದ್ಮೇಲೆ ಐದನೇದು ಮೊದಲನೇದರ ಕೊಳೆನೀರಲ್ಲೇ ಮುಳುಗುತ್ತೆ, ಎಲ್ಲರೂ ಸ್ನಾನ ಮಾಡಿದ ಬಕೆಟ್ ನೀರಿದ್ದ ಹಾಗೆ, ನೀರು ಆಗಾಗ ಬದಲಾಯಿಸಿ. ವಿಪಿಐ, ಓಕಿ ನೋಕಿ ಅಂಥವು ಕೊಳೆನೀರನ್ನ ಹೀರಿ ಹೊರಗೆ ಹಾಕ್ತವೆ, ಕೊಳೆ ನಿಜವಾಗ್ಲೂ ಹೋಗೋದು ಹೀಗೇ. ಸದ್ದು ಮಾತ್ರ ಜೋರು. ಹೀರೋವಾಗ ಎರಡು ಸುತ್ತು ಸಾಕು, ಒಣಗಿದ ಮೇಲೂ ತಿರುಗಿಸ್ತಾ ಇದ್ರೆ ಸ್ಟ್ಯಾಟಿಕ್ (ಉಜ್ಜಿದಾಗ ಹುಟ್ಟೋ ಕರೆಂಟು) ಬಂದು ಧೂಳನ್ನ ಮತ್ತೆ ಎಳ್ಕೊಳುತ್ತೆ. ಹೀರೋ ಕೊಳವೆಗೆ ಅಂಟಿಸಿರೋ ಮಖಮಲ್ ಪಟ್ಟಿನ ಪ್ರತಿ ಪ್ಲೇಟ್ ಆದ್ಮೇಲೆ ಬ್ರಷ್‌ನಲ್ಲಿ ಕೊಡವಿ.

78 ಇರೋರು ತಗೊಳ್ಳೋ ಮುಂಚೆ ಒಂದು ಕೇಳಿ: 10 ಇಂಚಿನ 78ಕ್ಕೆ ಬೇರೆ ಕೊಳವೆ ಕೊಡ್ತಾರಾ? 12 ಇಂಚಿನ ಕೊಳವೆಯ ತುದಿ ಪ್ಲೇಟಿನಿಂದ ಆಚೆ ಉಳಿದ್ರೆ ಅಲ್ಲಿಂದ ಗಾಳಿ ಎಳೆದು ನೀರು ಹಾಗೇ ಉಳಿಯುತ್ತೆ. ಕೀತ್ ಮಾಂಕ್ಸ್ ಥರ ಸಣ್ಣ ಮೂತಿ ಗೆರೆ ಗೆರೆಗೂ ಸರಿಯೋ ಮಷೀನ್‌ಗಳಲ್ಲಿ ಈ ತಾಪತ್ರಯ ಇಲ್ಲ, ಆದ್ರೆ ದುಬಾರಿ, ನಿಧಾನ.

ಅಲ್ಟ್ರಾಸಾನಿಕ್ ಮಷೀನ್, ಅಂದ್ರೆ ಕಿವಿಗೆ ಕೇಳದ ಸದ್ದಿನ ಅಲೆಯಿಂದ ನೀರಲ್ಲೇ ಕೊಳೆ ಬಿಡಿಸೋದು, ಎಲ್‌ಪಿಗೆ ಚೆನ್ನಾಗಿದೆ. ಸಾಮಾನ್ಯ ಟ್ಯಾಂಕ್‌ಗಳು 40 ಕಿಲೋಹರ್ಟ್ಜ್‌ನಲ್ಲಿ ಕೆಲಸ ಮಾಡ್ತವೆ, ಡೆಗ್ರಿಟರ್ ಅನ್ನೋ ಮಷೀನ್ 120ರಲ್ಲಿ. ನೀರು ತಾನಾಗೇ ಬಿಸಿ ಆಗುತ್ತೆ, ಬಿಸಿಗೆ ವಿನೈಲ್ ಸೊಟ್ಟಗಾಗುತ್ತೆ, ಅದಕ್ಕೇ ಮಧ್ಯೆ ಮಧ್ಯೆ ನಿಲ್ಲಿಸಿ. ಬಿರುಕು ಬಿಟ್ಟ ಅರಗಿನ ಪ್ಲೇಟ್ ಅದರಲ್ಲಿ ಹಾಕ್ಬೇಡಿ.

ಲೇಬಲ್ ಕಾಗದ, ನೆನೆಯೋಕೆ ಬಿಡಬೇಡಿ. ಒಣಗಿದ ಮೇಲೆ ಹೊಸ ಕವರ್‌ಗೇ ಹಾಕಿ, ಹಳೇದರಲ್ಲಿ ಬೂಸ್ಟು ಇರುತ್ತೆ. ಮೊದಲ ಸಲ ಹಾಕಿದಾಗ ಮುಳ್ಳಿಗೆ ಬೂದಿ ಥರ ಏನಾದ್ರೂ ಸುತ್ತಿಕೊಂಡ್ರೆ ಮುಳ್ಳು ಒರೆಸಿ, ಪ್ಲೇಟನ್ನ ಇನ್ನೊಂದು ಸಲ ಜಾಲಿಸಿ ಹೀರಿ.