ಹೊಳೆ ಬದಿಯಲ್ಲಿ ಮನೆ ಜಾಗ ತಗೊಳ್ತೀರಾ? ಆಟಿಯಲ್ಲಿ ಒಮ್ಮೆ ಹೋಗಿ ನೋಡಿ

ಹೊಳೆ ಬದಿಯ ಜಾಗವನ್ನು ಯಾರೂ ಮಳೆಗಾಲದಲ್ಲಿ ತೋರಿಸುವುದಿಲ್ಲ. ಮಾರ್ಚ್‌ನಲ್ಲಿ ಕರ್ಕೊಂಡು ಹೋಗುತ್ತಾರೆ. ಆಗ ಪಯಸ್ವಿನಿ ಹೊಳೆಯಲ್ಲಿ ಮೊಣಕಾಲು ನೀರು, ತಂಪು ಗಾಳಿ, ತೆಂಗಿನ ನೆರಳು. ಸೆಂಟ್‌ಗೆ ರೇಟೂ ಕಮ್ಮಿ. ಯಾರಿಗಾದರೂ ಆಸೆ ಆಗುತ್ತದೆ ಅಲ್ವಾ? ನಾವೂ ಅಂಥ ಒಂದು ಜಾಗಕ್ಕೆ ಅಡ್ವಾನ್ಸ್ ಕೊಡಲು ಹೊರಟಿದ್ದೆವು. ತಪ್ಪಿಸಿದ್ದು ಮೇಸ್ತ್ರಿಯ ಒಂದು ಪೈಪು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಊರಿನ ಹಳೆ ಮನೆಗಳು ಎಲ್ಲಿವೆ ಅಂತ ನೋಡಿ. ನಮ್ಮ ಕಾಸರಗೋಡಿನ ಕಡೆ ಹಿರಿಯರು ಬೈಲಿನಲ್ಲಿ ಗದ್ದೆ ಮಾಡಿದರು, ತೋಡಿನ ಬದಿಗೆ ಅಡಿಕೆ ಇಟ್ಟರು, ಮನೆಯನ್ನು ಮಾತ್ರ ಗುಡ್ಡೆಯ ಬುಡದಲ್ಲಿ ನಾಲ್ಕು ಮೆಟ್ಟಿಲು ಮೇಲೆಯೇ ಕಟ್ಟಿದರು. ಬೈಲು ನೀರು ಹರಡಿ ನಿಲ್ಲುವ ಜಾಗ ಅಂತ ಅವರಿಗೆ ಗೊತ್ತಿತ್ತು. ಈಗ ಅದಕ್ಕೇ ಮಣ್ಣು ತುಂಬಿಸಿ ಸೈಟು ಮಾಡುತ್ತಾರೆ. ಸುತ್ತ ಹಳೆ ಮನೆ ಒಂದೂ ಇಲ್ಲ, ಎಲ್ಲ ಹೊಸದೇ ಅಂದರೆ ಸ್ವಲ್ಪ ಯೋಚಿಸಿ.

ಆಗುವುದಾದರೆ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್‌ನ ತುಳು ತಿಂಗಳಲ್ಲಿ, ಎರಡು ದಿನ ಬಿಡದೆ ಮಳೆ ಹೊಡೆದ ಮೇಲೆ ಹೋಗಿ. ಮಧುವಾಹಿನಿ ಹೊಳೆ ಮಧೂರು ದೇವಸ್ಥಾನದ ಒಳಗೇ ನುಗ್ಗುವುದನ್ನು ನಾವೆಲ್ಲ ನೋಡಿದ್ದೇವೆ. ಪಯಸ್ವಿನಿ ಸೇರುವ ಚಂದ್ರಗಿರಿ ಹೊಳೆ ಆದರೆ ಇಲ್ಲಿಯ ಮಳೆ ಮಾತ್ರ ನೋಡಿದರೆ ಸಾಲದು. ಅದರ ನೀರು ಕೊಡಗಿನ ಬೆಟ್ಟದಿಂದ ಸುಳ್ಯ ದಾಟಿ ಬರುತ್ತದೆ, ಅಲ್ಲಿ ಜೋರು ಮಳೆಯಾದರೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ತಳಂಗರೆಯಂಥ ಅಳಿವೆ ಬದಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರವೂ ಸೇರಿದರೆ ನೆರೆ ನೀರು ಸಮುದ್ರಕ್ಕೆ ಇಳಿಯಲಾಗದೆ ಅಲ್ಲೇ ನಿಲ್ಲುತ್ತದೆ.

ಬೇಸಿಗೆಯಲ್ಲೇ ನೋಡಬೇಕಾಗಿ ಬಂದರೂ ಗುರುತು ಸಿಗುತ್ತದೆ. ಬಿದಿರ ಹಿಂಡಿಲಿನಲ್ಲಿ ತಲೆ ಎತ್ತರಕ್ಕೆ ಸಿಕ್ಕಿಕೊಂಡ ಪ್ಲಾಸ್ಟಿಕ್, ಒಣಹುಲ್ಲು. ಅಡಿಕೆ ಮರದಲ್ಲಿ ಕೆಸರಿನ ಗೆರೆ. ಮನೆಗೆ ಸೊಂಟದವರೆಗೆ ಮಾತ್ರ ಹೊಸ ಪೇಂಟು. ಇವನ್ನು ಹುಡುಕಿ.

ಆಮೇಲೆ ನೆರೆಮನೆಯವರನ್ನು ಕೇಳಿ. "ಇಲ್ಲಿ ನೀರು ಬರ್ತದಾ?" ಅಂದರೆ "ಇಲ್ಲ, ಹಾಗೇನಿಲ್ಲ" ಅಂತಲೇ ಉತ್ತರ ಬರುತ್ತದೆ, ಸುಮ್ನೆ ಯಾರ ವ್ಯಾಪಾರ ಕೆಡಿಸುವುದು ಅಂತ. ನಾನು ಬೇರೆ ಥರ ಕೇಳಿದೆ: "ಅಜ್ಜಿ, ನೆರೆಗೆ ಹಟ್ಟಿಯಿಂದ ದನ ಬಿಚ್ಚಿದ್ದು ಯಾವಾಗ?" ಅವರು ಎದ್ದು ಹೋಗಿ ಹಟ್ಟಿಯ ಕೆಂಪುಕಲ್ಲಿನ ಗೋಡೆಗೆ ಬೆರಳಿಟ್ಟು "ಇಲ್ಲಿವರೆಗೆ" ಅಂದರು.

ಆ ಗುರುತನ್ನು ನಿಮ್ಮ ಜಾಗಕ್ಕೆ ತರುವುದು ಸುಲಭ. ಮೇಸ್ತ್ರಿಗಳು ಲೆವೆಲ್ ನೋಡುವ ಪಾರದರ್ಶಕ ಪೈಪಿಗೆ ಗುಳ್ಳೆ ಇಲ್ಲದ ಹಾಗೆ ನೀರು ತುಂಬಿಸಿ. ಒಬ್ಬರು ಒಂದು ತುದಿಯನ್ನು ಗೋಡೆಯ ಗುರುತಿಗೆ ಹಿಡಿಯಲಿ, ಇನ್ನೊಬ್ಬರು ಇನ್ನೊಂದು ತುದಿಯನ್ನು ಸೈಟಿನಲ್ಲಿ ನೆಟ್ಟ ಗೂಟಕ್ಕೆ ಹಿಡಿಯಲಿ. ಗುರುತಿನ ಹತ್ತಿರ ನೀರು ಸರಿಯಾಗಿ ನಿಂತಾಗ ಗೂಟದ ಬಳಿ ನೀರು ಎಲ್ಲಿದೆಯೋ ಅಲ್ಲಿ ಗೆರೆ ಎಳೆಯಿರಿ. ದೂರ ಜಾಸ್ತಿ ಇದ್ದರೆ ಗೂಟದಿಂದ ಗೂಟಕ್ಕೆ ಸಾಗಿಸಿ. ನಮ್ಮ ಗೂಟದಲ್ಲಿ ಗೆರೆ ನನ್ನ ಎದೆ ಮಟ್ಟಕ್ಕೆ ಬಂತು. ಮಾರುವವರು ಹೇಳಿದ್ದು ಎರಡಡಿ ಪಂಚಾಂಗ (ಮನೆಯ ನೆಲಗಟ್ಟು) ಸಾಕು ಅಂತ! ನನ್ನ ಪ್ರಕಾರ ಮನೆಯ ನೆಲ ಆ ಗೆರೆಗಿಂತ ಎರಡು ಮೂರಡಿ ಮೇಲಿರಬೇಕು. ನೆರೆ ಬಂದ ಮೇಲೆ ಹತ್ತಿರದಲ್ಲಿ ಮಣ್ಣು ಹಾಕಿ ರಸ್ತೆ ಎತ್ತರಿಸಿದ್ದರೆ ಹಳೆ ಗುರುತನ್ನೂ ನಂಬಬೇಡಿ, ನೀರಿನ ದಾರಿಯೇ ಬದಲಾಗಿರುತ್ತದೆ.

"ಅದು ನೂರು ವರ್ಷಕ್ಕೊಮ್ಮೆ ಬರುವ ನೆರೆ" ಅಂದರೆ ಸಮಾಧಾನ ಮಾಡಿಕೊಳ್ಳಬೇಡಿ. ಆ ಮಾತಿನ ಅರ್ಥ ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಾಧ್ಯತೆ ಇದೆ ಅಂತ. 30 ವರ್ಷ ಆ ಮನೆಯಲ್ಲಿದ್ದರೆ ಒಮ್ಮೆಯಾದರೂ ನೋಡುವ ಸಾಧ್ಯತೆ ಸುಮಾರು ಶೇ. 26.

ಕಾಗದದಲ್ಲಿ ಮುಖ್ಯವಾಗಿ ಎರಡು ನೋಡಿ. ವಿಲೇಜ್ ಆಫೀಸಿನ ಭೂತೆರಿಗೆ ರಿಜಿಸ್ಟರ್ ಆದ ಬಿಟಿಆರ್‌ನಲ್ಲಿ ನಿಲಂ ಅಥವಾ ನಂಜ ಅಂತಿದ್ದರೆ ಅದು ಗದ್ದೆ. 2008ರ ಕೇರಳ ಗದ್ದೆ, ಜೌಗುಭೂಮಿ ಕಾನೂನಿನ ಪ್ರಕಾರ ಮಾಡಿದ ಗದ್ದೆಗಳ ಪಟ್ಟಿ, ಅಂದರೆ ಡಾಟಾ ಬ್ಯಾಂಕ್‌ನಲ್ಲಿ ಆ ಸರ್ವೆ ನಂಬರ್ ಇದೆಯಾ ಅಂತ ಕೃಷಿಭವನದಲ್ಲೂ ಕೇಳಿ. ಇದ್ದರೆ ಮನೆ ಕಟ್ಟಲು ಪರ್ಮಿಟ್ ಸಿಗುವುದೇ ಕಷ್ಟ. ಉಪ್ಪುನೀರು ಏರುವ ಹೊಳೆ ಬದಿಗೆ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ನಿಯಮವೂ ಬರುತ್ತದೆ.

ಇನ್ಶೂರೆನ್ಸ್ ಇದೆಯಲ್ಲ ಅನ್ನುತ್ತೀರಿ. 2021ರ ಏಪ್ರಿಲ್‌ನಿಂದ ಎಲ್ಲ ಕಡೆ ಒಂದೇ ಥರ ಸಿಗುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೆರೆಹಾನಿ ಸೇರಿದೆ, ಖಂಡಿತ ಮಾಡಿಸಿ. ಆದರೆ ಹೊಳೆ ದಡ ಕೊರೆದು ಮನೆ ಜಾರಿದರೆ, ತುಂಬಿಸಿದ ಮಣ್ಣು ಕುಸಿದು ಗೋಡೆ ಬಿರುಕು ಬಿಟ್ಟರೆ ಅದರಲ್ಲಿ ದುಡ್ಡು ಸಿಗುವುದಿಲ್ಲ. ಹೊಳೆ ತಿರುಗುವಲ್ಲಿ ಹೊರಬದಿಯ ದಡವನ್ನೇ ನೀರು ಜಾಸ್ತಿ ಕೊರೆಯುತ್ತದೆ. ನಿಮ್ಮ ಜಾಗ ಆ ಬದಿಯಲ್ಲಿದ್ದು, ದಡದ ತೆಂಗಿನ ಮರಗಳು ಬೇರು ಹೊರಗೆ ಕಾಣುತ್ತಾ ಹೊಳೆಗೆ ವಾಲಿದ್ದರೆ, ಎಷ್ಟೇ ಕಮ್ಮಿಗೆ ಸಿಕ್ಕಿದರೂ ಅಡ್ವಾನ್ಸ್ ಕೊಡಬೇಡಿ.