ಕಲ್ಲು ಓದಲು ಹೋಗಿ ಹಲ್ಲು ಎಣಿಸಿದ್ದು

ಧಾರವಾಡದಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಮುಗಿಸುವವರೆಗೂ ನಾನು ನೆಲದಿಂದ ಒಂದು ಪಳೆಯುಳಿಕೆ ಮೂಳೆಯನ್ನೂ ಎತ್ತಿದವನಲ್ಲ. ಎತ್ತುವುದಾದರೂ ಎಲ್ಲಿಂದ? ನಮ್ಮೂರಿನ ಹೆಸರು ಹೊತ್ತ ಧಾರವಾಡ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಆಗ ಭೂಮಿಯ ಮೇಲೆ ಮೂಳೆ ಎಂಬ ವಸ್ತುವೇ ಇರಲಿಲ್ಲ. ಕೆಲಸ ಸಿಕ್ಕಿ ಚಂಡೀಗಢಕ್ಕೆ ಹೋದೆ. ಊರಿನ ಹಿಂದೆಯೇ ಶಿವಾಲಿಕ್ ಗುಡ್ಡಗಳು. ಹಿಮಾಲಯದಿಂದ ನದಿಗಳು ಹೊತ್ತು ತಂದ ಮರಳು, ಜೇಡಿ ಪದರ ಪದರವಾಗಿ ಕೂತು ಎದ್ದ ಗುಡ್ಡಗಳವು. ಗಟ್ಟಿ ಶಿಲೆಯಲ್ಲಿ ಪಳಗಿದ ನನಗೆ ಮೊದಲ ದಿನ ಅದು ಕಲ್ಲು ಅನ್ನಿಸಲೇ ಇಲ್ಲ. ಸುತ್ತಿಗೆ ಬೇಡ, ಬೆರಳಲ್ಲಿ ಕೆರೆದರೂ ಉದುರುತ್ತಿತ್ತು.

ಅಲ್ಲಿ ನಮಗಿಂತ ಮೊದಲು ಓಡಾಡಿದವರು ಕಾಲುವೆ ತೋಡಿಸುತ್ತಿದ್ದ ಎಂಜಿನಿಯರ್ ಪ್ರೋಬಿ ಕಾಟ್ಲಿ ಮತ್ತು ಸಹಾರನ್‌ಪುರದ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ವೈದ್ಯ ಹ್ಯೂ ಫಾಲ್ಕನರ್. ಇಬ್ಬರಿಗೂ ಭೂವಿಜ್ಞಾನ ಹೊಟ್ಟೆಪಾಡಲ್ಲ. ಆದರೂ 1837ರಲ್ಲಿ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿ ಅವರಿಗೆ ವೊಲಾಸ್ಟನ್ ಪದಕ ಕೊಟ್ಟಿತು. ಜಿರಾಫೆಯ ಬಳಗದ ಒಂದು ದೈತ್ಯಪ್ರಾಣಿಗೆ ಶಿವನ ಹೆಸರಿಟ್ಟು ಸಿವಾಥೀರಿಯಂ ಎಂದರು, ಉದ್ದ ದಂತದ ಒಂದು ಆನೆಗೆ ಗಣೇಶನ ಹೆಸರಿಟ್ಟರು. ಆಮೇಲೆ 1902ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಗೆ ಸೇರಿದ ಗೈ ಪಿಲ್‌ಗ್ರಿಂ, ಯಾವ ಪ್ರಾಣಿ ಯಾವ ಪದರದಲ್ಲಿ ಸಿಗುತ್ತದೆ ಎಂಬುದನ್ನು ನೋಡಿ ಇಡೀ ಶಿವಾಲಿಕ್ಕನ್ನು ಭಾಗ ಮಾಡಿದ. ಚಿಂಜಿ, ನಾಗ್ರಿ, ಢೋಕ್ ಪಠಾಣ್, ಪಿಂಜೋರ್: ಎಲ್ಲ ಊರ ಹೆಸರುಗಳೇ. ಮೊದಲ ಮೂರು ಈಗ ಪಾಕಿಸ್ತಾನದಲ್ಲಿವೆ, ನನ್ನ ಪಾಲಿಗೆ ಬಂದದ್ದು ಪಿಂಜೋರ್.

ಮೊದಲ ಹದಿನೈದು ದಿನ ನನಗೆ ಏನೂ ಸಿಗಲಿಲ್ಲ. ಕುರಿ ಕಾಯುವ ಹುಡುಗ ಮಾತ್ರ ದಿನವೂ ಏನಾದರೊಂದು ತಂದು ತೋರಿಸುತ್ತಿದ್ದ. ಅವನ ಹಿಂದೆಯೇ ನಡೆದು ಕಲಿತೆ. ಮಳೆಗಾಲ ಮುಗಿದ ಕೂಡಲೇ ಹೋಗಬೇಕು, ನೀರು ಹೊಸ ಮುಖ ತೊಳೆದಿಟ್ಟಿರುತ್ತದೆ. ಬಿಸಿಲು ಓರೆಯಾಗಿ ಬೀಳುವ ಬೆಳಗ್ಗೆ, ಸಂಜೆ ಹಲ್ಲಿನ ಎನಾಮೆಲ್ ಮಿನುಗುತ್ತದೆ. ಅನುಮಾನ ಬಂದರೆ ನಾಲಿಗೆಗೆ ಮುಟ್ಟಿಸಿ ನೋಡುವುದು. ಸಣ್ಣ ರಂಧ್ರಗಳಿರುವ ಮೂಳೆ ನಾಲಿಗೆಗೆ ಅಂಟುತ್ತದೆ, ಕಲ್ಲು ಅಂಟುವುದಿಲ್ಲ. ಊಟದ ಹೊತ್ತಿಗೆ ಬಾಯಿ ತುಂಬ ಮಣ್ಣು.

ಕೆಳಗೆ ಬಿದ್ದದ್ದನ್ನು ಎತ್ತುವುದು ಕಷ್ಟವಲ್ಲ, ಅದು ಯಾವ ಪದರದಿಂದ ಜಾರಿತು ಎಂದು ಹೇಳುವುದು ಕಷ್ಟ. ಚೂರು ಸಿಕ್ಕ ಕೊರಕಲಿನಲ್ಲೇ ಮೇಲಕ್ಕೆ ಹತ್ತಬೇಕು. ಚೂರುಗಳು ಸಿಗುತ್ತಾ ಸಿಗುತ್ತಾ ಒಂದು ಕಡೆ ಥಟ್ಟನೆ ನಿಲ್ಲುತ್ತವೆ. ಅಲ್ಲೇ ಆಸುಪಾಸು ಮೂಲ. ಮೂಳೆಗೆ ಮೆತ್ತಿದ ಮಣ್ಣೂ ಆ ಪದರದ ಮಣ್ಣೂ ಒಂದೇ ಆಗಿದ್ದರೆ ನಂಬಬಹುದು. ಹೊರಬಂದ ಮೂಳೆ ಗಾಳಿಗೆ ಪುಡಿಯಾಗುತ್ತದೆ. ಅಂಟನ್ನು ತೆಳ್ಳಗೆ ಕಲಸಿ ಕುಡಿಸಿ, ಒದ್ದೆ ಕಾಗದ ಹೊದಿಸಿ, ಪ್ಲಾಸ್ಟರಿನಲ್ಲಿ ಅದ್ದಿದ ಗೋಣಿಪಟ್ಟಿ ಸುತ್ತಿ, ಒಣಗಿದ ಮೇಲೆ ಬುಡ ಬಿಡಿಸಿ ಮಗುಚುವುದು. ಕೈ ಮುರಿದವರಿಗೆ ಕಟ್ಟುವ ಹಿಟ್ಟಿನಂತೆಯೇ.

ಉಳಿದದ್ದೆಲ್ಲ ಮೇಜಿನ ಕೆಲಸ, ಅದರಲ್ಲಿ ಮುಕ್ಕಾಲು ಪಾಲು ಹಲ್ಲು. ದೇಹದಲ್ಲಿ ಅದೇ ಗಟ್ಟಿ, ಅದೇ ಉಳಿಯುವುದು. ದನ, ಜಿಂಕೆಗಳ ದವಡೆಹಲ್ಲಿನ ಮೇಲೆ ಅರ್ಧಚಂದ್ರಗಳು. ಹಂದಿಯದಕ್ಕೆ ಗುಬುಟುಗಳು. ಆನೆಯದು ತಟ್ಟೆಗಳನ್ನು ಒತ್ತೊತ್ತಾಗಿ ಜೋಡಿಸಿದ ಹಾಗೆ, ಆನೆಯ ಅಳಿದುಹೋದ ನೆಂಟ ಸ್ಟೆಗೊಡಾನ್‌ನದು ಸಾಲು ಮಾಡಿನಂತೆ ಏಣೇಣು. ಹೋಲಿಸಿ ನೋಡಲು ಕಸಾಯಿಖಾನೆಯಿಂದ ತಲೆಬುರುಡೆ ತಂದು ಬಾಡಿಗೆ ಮನೆಯ ತಾರಸಿಯಲ್ಲಿ ಕುದಿಸಿದ್ದೇನೆ. ಮನೆ ಬದಲಿಸಬೇಕಾಯಿತು, ಅದು ಬೇರೆ ಕಥೆ. ರಜೆಗೆ ಊರಿಗೆ ಹೋದಾಗ ಅವ್ವ ಅಂದದ್ದು: "ಕಲ್ಲು ಓದಾಕ ಹೋದಾಂವ ಹಲ್ಲು ಎಣಸ್ಕೋತ ಕುಂತಾನ."

ಎಣಿಸುವುದರಲ್ಲೂ ಎಡವಿದೆ. ಸವೆದ ಒಂದು ಹಲ್ಲನ್ನು ಹಿಡಿದು ಎರಡು ತಿಂಗಳು ವಾನರನದೆಂದು ಕುಣಿದಾಡಿದ್ದೆ. ಹಿರಿಯರೊಬ್ಬರು ದೀಪದಡಿ ತಿರುಗಿಸಿ "ಹಂದಿ" ಎಂದು ಒಂದೇ ಮಾತಲ್ಲಿ ಮುಗಿಸಿದರು. ಸಮಾಧಾನಕ್ಕೆ ಅಮೆರಿಕದ ಪಳೆಯುಳಿಕೆ ವಿಜ್ಞಾನಿ ಹೆನ್ರಿ ಆಸ್ಬರ್ನ್ ಕಥೆ ಹೇಳಿದರು. ಆತ 1922ರಲ್ಲಿ ನೆಬ್ರಾಸ್ಕದ ಒಂದೇ ಹಲ್ಲಿನ ಮೇಲೆ ಹೊಸ ವಾನರನನ್ನು ನಿಲ್ಲಿಸಿದ. ಅದು ಹಂದಿಯನ್ನು ಹೋಲುವ ಪೆಕರಿಯದು ಎಂದು 1927ರಲ್ಲಿ ಪ್ರಕಟವಾಯಿತು.

ಅದಕ್ಕಿಂತ ನನಗೆ ಇನ್ನೂ ಸುಡುವುದು ಆ ಟೆಂಟಿನ ರಾತ್ರಿ. ಅಕಾಲಿಕ ಮಳೆ ಸೋರಿ ಪೆಟ್ಟಿಗೆಯೊಳಗಿನ ಚೀಟಿಗಳ ಶಾಯಿಯೆಲ್ಲ ಕದಡಿಹೋಯಿತು. ಸುಮಾರು ನಲವತ್ತು ಮಾದರಿಗಳು, ಒಳ್ಳೆಯ ದವಡೆಗಳೂ ಇದ್ದವು. ಎಲ್ಲಿಯದೆಂದು ಹೇಳಲಾಗದ ದವಡೆ ಕಾಗದ ಹಾರದಂತೆ ಇಡಲು ಮಾತ್ರ ಬರುತ್ತದೆ. ಪದರ ಗೊತ್ತಿದ್ದರೆ ತಾನೇ ವಯಸ್ಸು? ಪಿಂಜೋರ್ ಪದರಗಳ ಬುಡ ಸುಮಾರು 26 ಲಕ್ಷ ವರ್ಷದ್ದು ಎನ್ನುವುದು ಕಲ್ಲಿನೊಳಗೆ ದಾಖಲಾದ ಭೂಕಾಂತದ ತಿರುವುಮುರುವಿನಿಂದ, ಅಂದರೆ ಅದರ ಉತ್ತರ-ದಕ್ಷಿಣ ಆಗಾಗ ಅದಲುಬದಲಾದ ಗುರುತಿನಿಂದ. ಪದರವೇ ತಪ್ಪಿದರೆ ಆ ಲೆಕ್ಕ ಯಾವ ದವಡೆಗೆ ಹಚ್ಚುವುದು? ಅಂದಿನಿಂದ ಮೂಳೆಯ ಮೇಲೇ ಒಂದು ಗೆರೆ ನೇಲ್‌ಪಾಲಿಶ್ ಬಳಿದು, ಆರಿದ ಮೇಲೆ ಇಂಡಿಯನ್ ಇಂಕಿನಲ್ಲಿ ನಂಬರು ಬರೆದು, ಮೇಲೆ ಇನ್ನೊಂದು ಗೆರೆ ಎಳೆಯುತ್ತೇನೆ. ಹೆಂಡತಿಯ ಬಾಟಲಿ ಎಷ್ಟು ಖಾಲಿ ಮಾಡಿದ್ದೇನೋ.

ಏನೆಂದು ತಿಳಿಯದ್ದನ್ನೂ ಎಸೆಯುವುದು ಬಿಟ್ಟೆ. ಅದಕ್ಕೆ ಕಾರಣ ಭೂವಿಜ್ಞಾನಿ ಎ. ರಂಗರಾವ್ ಅವರ ಕಲ್ಲುಗಳು. ಜಮ್ಮು ಸೀಮೆಯ ಕಾಲಾಕೋಟ್‌ನಲ್ಲಿ ಸಿಕ್ಕ ಪುಟ್ಟ ಗೊರಸಿನ ಪ್ರಾಣಿಗೆ ಅವರು 1971ರಲ್ಲಿ ಇಂಡೋಹ್ಯೂಸ್ ಎಂದು ಹೆಸರಿಟ್ಟರು. ಒಡೆಯದೆ ಉಳಿದ ಕಲ್ಲುಗಳು ಅವರು ತೀರಿಕೊಂಡ ಮೇಲೂ ಪತ್ನಿಯ ಜೋಪಾನದಲ್ಲಿದ್ದವು. ಅವು ಅಮೆರಿಕದಲ್ಲಿ ತಿಮಿಂಗಿಲಗಳ ಪಳೆಯುಳಿಕೆ ಓದುವ ಹಾನ್ಸ್ ತೆವಿಸೆನ್ ಕೈಗೆ ಹೋದಾಗ, ಬಿಡಿಸುತ್ತಿದ್ದ ಸಹಾಯಕನಿಂದ ಒಂದು ಬುರುಡೆಯ ಕಿವಿಯ ಭಾಗ ಅಕಸ್ಮಾತ್ ಮುರಿಯಿತು. ಒಳಗೋಡೆ ದಪ್ಪ! ಅಂಥದ್ದು ತಿಮಿಂಗಿಲಗಳಲ್ಲಿ ಮಾತ್ರ ಎಂದು ತಿಳಿದಿದ್ದರು. ಜಿಂಕೆಯಂಥ ಪುಟ್ಟ ಪ್ರಾಣಿಯೊಂದು ತಿಮಿಂಗಿಲಗಳ ಹತ್ತಿರದ ನೆಂಟನೆಂದು 2007ರಲ್ಲಿ ಪ್ರಕಟವಾಯಿತು. ಆ ಪತ್ರಿಕೆ ಓದಿದ ದಿನ ನಾನು ಎಸೆದ ಚೂರುಗಳನ್ನೆಲ್ಲ ನೆನೆದು ನಿದ್ದೆ ಬರಲಿಲ್ಲ.

ನಿವೃತ್ತಿಯ ನಂತರ ನಮ್ಮ ಸೀಮೆಗೇ ಬಂದೆ. ತೆಲಂಗಾಣದ ನಾಸ್ಕಲ್‌ನಲ್ಲಿ, ಎರಡು ಲಾವಾ ಹರಿವುಗಳ ನಡುವೆ ಸಿಕ್ಕಿಕೊಂಡ ಕೆರೆಮಣ್ಣಿನಲ್ಲಿ, ಡೈನೊಸಾರ್ ಕಾಲದ ಸಸ್ತನಿಯ ಹಲ್ಲುಗಳನ್ನು ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ 1988ರಲ್ಲಿ ವರದಿ ಮಾಡಿದ್ದರು. ಅಂಥದೇ ಮಣ್ಣು ನಮ್ಮ ಗುರುಮಠಕಲ್ ಕಡೆಯೂ ಇದೆ. ಐದು ಚೀಲ ತಂದೆ. ಮಣ್ಣು ಚೆನ್ನಾಗಿ ಒಣಗಿಸಿ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಎಣ್ಣೆ ಬಸಿದು ನೀರು ಹೊಯ್ದರೆ ಹೆಂಟೆ ತಾನಾಗಿ ಕರಗುತ್ತದೆ. ಸಣ್ಣ ಜಾಲರಿಯಲ್ಲಿ ತೊಳೆದು, ಉಳಿದ ರವೆಯನ್ನು ಸೂಕ್ಷ್ಮದರ್ಶಕದಡಿ ಒದ್ದೆ ಕುಂಚದ ತುದಿಯಿಂದ ಒಂದೊಂದೇ ಆರಿಸುವುದು. ಹುಡುಕುತ್ತಿರುವ ಹಲ್ಲು ಒಂದೆರಡು ಮಿಲಿಮೀಟರ್, ಅಷ್ಟೇ.

ಇಲ್ಲಿಯವರೆಗೆ ಸಿಕ್ಕದ್ದು ಬಸವನಹುಳುವಿನ ಚಿಪ್ಪು, ಮೀನಿನ ಹುರುಪೆ. ಹಲ್ಲು ಒಂದೂ ಇಲ್ಲ. ಇನ್ನೂ ಮೂರು ಡಬ್ಬಿ ಆರಿಸುವುದಿದೆ, ಮೂರಕ್ಕೂ ನಂಬರು ಹಾಕಿದ್ದೇನೆ.